ದೊಡ್ಡ ಮಕ್ಕಳಿಗೆ ಪ್ಯಾಂಟ್ ಡೈಪರ್: ಪದೇ ಪದೇ ಕೇಳುವ ಪ್ರಶ್ನೆಗಳು

ಐದು ವರ್ಷ ದಾಟಿದ ಮಗುವಿಗೆ ಡೈಪರ್ ಕೇಳುವಾಗ ಅಂಗಡಿಯಲ್ಲಿ ಎಲ್ಲರ ದನಿಯೂ ತಗ್ಗುತ್ತದೆ. ನನ್ನದೂ ತಗ್ಗಿತ್ತು. ಮಗನಿಗೆ ಆಗ ಏಳು ವರ್ಷ. ಹಗಲು ಏನೂ ತೊಂದರೆ ಇಲ್ಲ, ರಾತ್ರಿ ಮಾತ್ರ ಹಾಸಿಗೆ ಒದ್ದೆ. ಮೂರು ವರ್ಷ ರಾತ್ರಿ ಪ್ಯಾಂಟ್ ಡೈಪರ್ ಹಾಕಿಕೊಂಡು ಮಲಗಿದ. ಅಷ್ಟರಲ್ಲಿ ನಾನು ತಂದ ತಪ್ಪು ಪ್ಯಾಕೆಟ್‌ಗಳಿಗೆ ಲೆಕ್ಕವಿಲ್ಲ. ಆಮೇಲೆ ಗೊತ್ತಿರುವವರು ಒಬ್ಬೊಬ್ಬರೇ ಬಂದು ಕೇಳತೊಡಗಿದರು. ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು.

ಇಷ್ಟು ದೊಡ್ಡ ಮಗುವಿಗೆ ಡೈಪರ್ ಹಾಕುವುದು ತಪ್ಪಲ್ವಾ?

ತಪ್ಪಲ್ಲ. ಐದನೇ ವಯಸ್ಸಿನಲ್ಲಿ ನೂರಕ್ಕೆ ಸುಮಾರು 15 ಮಕ್ಕಳು ನಿದ್ದೆಯಲ್ಲಿ ಉಚ್ಚೆ ಮಾಡಿಕೊಳ್ಳುತ್ತಾರೆ. ಹತ್ತನೇ ವಯಸ್ಸಿಗೆ ಅದು ಸುಮಾರು 5ಕ್ಕೆ ಇಳಿಯುತ್ತದೆ. ಅಂದರೆ ಹತ್ತು ವರ್ಷದ 40 ಮಕ್ಕಳಿರುವ ತರಗತಿಯಲ್ಲಿ ಇಬ್ಬರು. ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಮಗು ಬೇಕಂತ ಮಾಡುವುದಲ್ಲ ಇದು, ಸೋಮಾರಿತನವೂ ಅಲ್ಲ. ರಾತ್ರಿ ಹೊತ್ತು ಮೂತ್ರ ಕಡಿಮೆ ಮಾಡಲು ಮೈಯಲ್ಲಿ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನ್ ಇರುತ್ತದೆ. ಕೆಲವು ಮಕ್ಕಳಲ್ಲಿ ರಾತ್ರಿ ಅದು ಸಾಕಷ್ಟು ಬರುವುದಿಲ್ಲ. ಕೆಲವರ ಮೂತ್ರಕೋಶ ಬೇಗ ತುಂಬಿಬಿಡುತ್ತದೆ. ಮೂತ್ರಕೋಶ ತುಂಬಿದರೂ ಎಚ್ಚರವಾಗದಷ್ಟು ಗಾಢ ನಿದ್ದೆ ಇದರ ಜೊತೆ ಸೇರಿತೆಂದರೆ ಹಾಸಿಗೆ ಒದ್ದೆ. ಇದು ಮನೆತನದಲ್ಲೂ ಹರಿದು ಬರುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ಚಿಕ್ಕಂದಿನಲ್ಲಿ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 70ರ ಮೇಲೆ. ನಮ್ಮ ಮನೆಯಲ್ಲಿ ಈ ಮಾತು ಹೊರಗೆ ಬಂದಾಗ ಗಂಡನ ಅಕ್ಕ ನಗುತ್ತಾ ಹಳೇ ಕತೆಯೊಂದನ್ನು ಬಿಚ್ಚಿದರು. ಮಗ ಅದನ್ನು ಕೇಳಿ ಅಪ್ಪನ ಮುಖ ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು), ಸ್ಪೈನಾ ಬಿಫಿಡಾ (ಹುಟ್ಟಿನಿಂದಲೇ ಇರುವ ಬೆನ್ನುಹುರಿಯ ತೊಂದರೆ), ಆಟಿಸಂ ಇರುವ ಕೆಲವು ಮಕ್ಕಳಿಗೆ ಹಗಲೂ ಬೇಕಾಗುತ್ತದೆ. ಅವರಿಗೆ ಇದು ಕನ್ನಡಕದ ಹಾಗೆ ದಿನಬಳಕೆಯ ವಸ್ತು.

ಹಾಕಿದರೆ ಅದೇ ಅಭ್ಯಾಸ ಆಗಿಬಿಡುತ್ತೆ ಅಂತಾರಲ್ಲ?

ನಿದ್ದೆಯಲ್ಲಿ, ಗೊತ್ತಿಲ್ಲದೆ ಆಗುವ ವಿಷಯಕ್ಕೆ ಅಭ್ಯಾಸ ಏನು ಮಾಡೀತು? ನನ್ನ ಮಗ ಡೈಪರ್ ಇಲ್ಲದೆ, ತಣ್ಣಗೆ ಒದ್ದೆಯಾದ ಹಾಸಿಗೆಯಲ್ಲೂ ಬೆಳಗಿನವರೆಗೆ ಮಲಗಿಯೇ ಇರುತ್ತಿದ್ದ. ಆದರೂ ವರ್ಷಕ್ಕೆ ಒಂದೆರಡು ಸಲ, ರಜೆಯಲ್ಲಿ, ಒಂದು ವಾರ ಡೈಪರ್ ಇಲ್ಲದೆ ಮಲಗಿಸಿ ನೋಡಿ. ವಾರದಲ್ಲಿ ಮೂರ್ನಾಲ್ಕು ದಿನ ಒಣಗಿದ್ದರೆ ಒಳ್ಳೆಯ ಸೂಚನೆ. ಏಳು ದಿನವೂ ಒದ್ದೆಯಾದರೆ ಸುಮ್ಮನೆ ಮತ್ತೆ ಹಾಕಿ, ಬೈಯಬೇಡಿ.

ಮೊದಲು ಡಾಕ್ಟರ್ ಹತ್ತಿರ ಹೋಗಬೇಕಾ?

ಒಂದು ಸಲ ತೋರಿಸುವುದು ಒಳ್ಳೆಯದು. ಆದರೆ ಕೆಲವಕ್ಕೆ ಕಾಯಲೇಬಾರದು. ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ಒಣಗಿದ್ದ ಮಗು ಮತ್ತೆ ಶುರು ಮಾಡಿದರೆ, ಉಚ್ಚೆ ಮಾಡುವಾಗ ಉರಿ ಅಂದರೆ, ಹಗಲೂ ಚಡ್ಡಿ ಒದ್ದೆಯಾಗುತ್ತಿದ್ದರೆ, ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ನಡಿಗೆಯಲ್ಲಿ ಬದಲಾವಣೆ ಕಂಡರೆ ಹೋಗಿ. ವಿಪರೀತ ಬಾಯಾರಿಕೆ, ಜೊತೆಗೆ ತೂಕ ಇಳಿಯುವುದು ಕಂಡರೆ ಅದೇ ದಿನ ಹೋಗಿ. ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೀಗೂ ಶುರುವಾಗುತ್ತದೆ.

ಇನ್ನೊಂದು, ಮಲಬದ್ಧತೆ. ಗಟ್ಟಿ ಮಲ ಕರುಳಲ್ಲಿ ತುಂಬಿಕೊಂಡು ಮೂತ್ರಕೋಶವನ್ನು ಒತ್ತುತ್ತದೆ. ಅದನ್ನು ಸರಿಮಾಡಿದ ಮೇಲೆ ಹಾಸಿಗೆಯೂ ಒಣಗಿದ ಮಕ್ಕಳಿದ್ದಾರೆ. ಡೈಪರ್‌ಗೆ ದುಡ್ಡು ಹಾಕುವ ಮೊದಲು ಮಗು ದಿನಾ ಸಲೀಸಾಗಿ ಕಕ್ಕ ಮಾಡುತ್ತಿದೆಯಾ ಅಂತ ವಿಚಾರಿಸಿ.

ಪ್ಯಾಕೆಟ್ ಮೇಲೆ ತೂಕ ಹಾಕಿದೆ. ಅದನ್ನು ನೋಡಿ ತಂದರೆ ಸಾಕಾ?

ನಾನು ಮೋಸ ಹೋಗಿದ್ದು ಇಲ್ಲೇ. ಎಳೆಗೂಸಿನ ವಿಷಯದಲ್ಲಿ ತೂಕ ನೋಡಿದರೆ ನಡೆಯುತ್ತದೆ. ಕೂಸುಗಳ ಮೈಕಟ್ಟು ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಏಳೆಂಟು ವರ್ಷಕ್ಕೆ ಬಂದಾಗ ಹಾಗಲ್ಲ. 25 ಕೆ.ಜಿ. ತೂಗುವ ಒಬ್ಬ ಕಡ್ಡಿಯ ಹಾಗೆ ಉದ್ದ, ಅಷ್ಟೇ ತೂಗುವ ಇನ್ನೊಬ್ಬಳು ಗುಂಡು ಗುಂಡಗೆ. ಇಬ್ಬರ ಸೊಂಟಕ್ಕೂ ಒಂದೇ ಎಲಾಸ್ಟಿಕ್ ಕೂರುವುದಾದರೂ ಹೇಗೆ?

ವಯಸ್ಸು ನೋಡಿ ತರುವುದಂತೂ ಇನ್ನೂ ಕೆಟ್ಟದು. ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಅನ್ನುವ ಅಕ್ಷರಗಳನ್ನೂ ನಂಬಬೇಡಿ. ಒಂದು ಕಂಪನಿಯ ಡಬಲ್ ಎಕ್ಸ್‌ಎಲ್ ಇನ್ನೊಂದರ ಎಕ್ಸ್‌ಎಲ್‌ಗಿಂತ ಚಿಕ್ಕದಿರಬಹುದು. ಪ್ಯಾಕೆಟ್ ತಿರುಗಿಸಿ, ಸೊಂಟದ ಅಳತೆ ಸೆಂಟಿಮೀಟರ್‌ನಲ್ಲಿ ಎಲ್ಲಾದರೂ ಹಾಕಿದ್ದಾರಾ ನೋಡಿ. ಹಾಕಿದ್ದರೆ ಅದೇ ಸರಿಯಾದ ದಾರಿ. ಹಾಕಿಲ್ಲದಿದ್ದರೆ ಚಿಕ್ಕ ಪ್ಯಾಕೆಟ್ ಒಂದನ್ನು ತಂದು ಹಾಕಿಸಿ ನೋಡುವುದೇ ಗತಿ.

ಅಳತೆ ಎಲ್ಲಿ ತೆಗೆಯಬೇಕು?

ಬಟ್ಟೆ ಹೊಲಿಯುವವರ ಟೇಪ್ ಸಾಕು. ಅದೂ ಇಲ್ಲವೆಂದರೆ ದಾರ ಸುತ್ತಿ, ಆಮೇಲೆ ಸ್ಕೇಲ್ ಮೇಲೆ ಇಟ್ಟು ಅಳೆಯಿರಿ. ಮೊದಲು ಹೊಕ್ಕುಳ ಮಟ್ಟದಲ್ಲಿ ಒಂದು ಸುತ್ತು. ಆಮೇಲೆ ಕುಂಡಿ ಎಲ್ಲಿ ಹೆಚ್ಚು ಅಗಲವೋ ಅಲ್ಲಿ ಇನ್ನೊಂದು ಸುತ್ತು. ಎರಡರಲ್ಲಿ ಯಾವುದು ದೊಡ್ಡದೋ ಅದರ ಪ್ರಕಾರ ಸೈಜ್ ನೋಡಿ. ಮಗು ನಿಂತೂ ಅಳೆಯಿರಿ, ಕೂತೂ ಅಳೆಯಿರಿ. ಕೂತಾಗ ಹೊಟ್ಟೆ ಮುಂದಕ್ಕೆ ಬರುತ್ತದೆ. ತೊಡೆಯ ಬುಡದ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳಿ. ಯಾವ ಪ್ಯಾಕೆಟ್ ಮೇಲೂ ಅದು ನನಗೆ ಕಂಡಿಲ್ಲ, ಆದರೆ ತೆಳ್ಳಗಿನ ಮಕ್ಕಳಿಗೆ ಜಾಸ್ತಿ ಲೀಕ್ ಆಗುವುದು ಅಲ್ಲೇ.

ಹಾಕಿದ ಮೇಲೆ ಸೈಜ್ ಸರಿ ಇದೆಯಾ ಅಂತ ಗೊತ್ತಾಗೋದು ಹೇಗೆ?

ಸೊಂಟದ ಎಲಾಸ್ಟಿಕ್ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಮುಷ್ಟಿ ಹೋಗಬಾರದು. ತೊಡೆಸಂದಿಯಲ್ಲಿ ಸಂದು ಕಾಣಬಾರದು. ಮಗುವನ್ನು ಒಂದು ಸಲ ಕುಕ್ಕರುಗಾಲಲ್ಲಿ ಕೂರಿಸಿ ಎಬ್ಬಿಸಿ. ಹಿಂದಿನ ಅಂಚು ಜಾರಿ ಕೆಳಗೆ ಬಂದರೆ ಗಿಡ್ಡ ಆಯಿತು ಅಂತ ಅರ್ಥ. ಬೆಳಗ್ಗೆ ಬಿಚ್ಚಿದಾಗ ತೊಡೆಯಲ್ಲಿ ತೆಳುವಾದ ಗುಲಾಬಿ ಗೆರೆ ಇದ್ದರೆ ಚಿಂತೆಯಿಲ್ಲ, ಅರ್ಧ ಗಂಟೆಯಲ್ಲಿ ಹೋಗುತ್ತದೆ. ಕೆಂಪಗೆ ಗುಳಿ ಬಿದ್ದಿದ್ದರೆ ಬಿಗಿಯಾಗಿದೆ.

ಎರಡು ಸೈಜ್‌ಗಳ ನಡುವೆ ಬಂದರೆ ಯಾವುದು ತರಲಿ?

ರಾತ್ರಿಗೆ ಮಾತ್ರ ಅಂದರೆ, ತೊಡೆ ತುಂಬಿಕೊಂಡಿದ್ದರೆ ದೊಡ್ಡದು, ತೊಡೆ ತೆಳ್ಳಗಿದ್ದರೆ ಚಿಕ್ಕದು. ಹಗಲು ಓಡಾಡುವ ಮಗುವಿಗೆ ಚಿಕ್ಕದೇ ಇರಲಿ, ಜಾರುವುದಿಲ್ಲ.

ದೊಡ್ಡ ಸೈಜ್ ಅಂದ್ರೆ ಜಾಸ್ತಿ ಹೀರುತ್ತೆ ಅಲ್ವಾ?

ಇಲ್ಲ. ಸೈಜ್ ಬೇರೆ, ಹೀರುವ ತಾಕತ್ತು ಬೇರೆ. ಲೀಕ್ ಆಗುತ್ತದೆ ಅಂತ ಒಂದು ಸೈಜ್ ಮೇಲಕ್ಕೆ ಹೋದರೆ ತೊಡೆಯಲ್ಲಿ ಸಡಿಲವಾಗಿ ಇನ್ನೂ ಜಾಸ್ತಿ ಲೀಕ್ ಆಗಬಹುದು. ನನಗೆ ಆಗಿದ್ದೂ ಅದೇ, ಎರಡು ಸಲ.

ಹಾಗಾದರೆ ಎಷ್ಟು ಹೀರುವುದು ಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಮಕ್ಕಳ ಡಾಕ್ಟರುಗಳು ಬಳಸುವ ಸುಲಭ ಲೆಕ್ಕವೊಂದಿದೆ. ಮಗುವಿನ ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿ. ಮೂತ್ರಕೋಶ ಎಷ್ಟು ಮಿ.ಲೀ. ಹಿಡಿಯಬಹುದು ಅನ್ನುವ ಅಂದಾಜು ಸಿಗುತ್ತದೆ. ಏಳು ವರ್ಷಕ್ಕೆ 240, ಹತ್ತು ವರ್ಷಕ್ಕೆ 330. ಇದು ಒಂದು ಸಲದ್ದು. ರಾತ್ರಿ ಎರಡು ಸಲ ಆಗುವ ಮಕ್ಕಳಿದ್ದಾರೆ.

ಇದಕ್ಕಿಂತ ಖಚಿತವಾದ್ದು ಅಡುಗೆಮನೆಯ ತೂಕದ ಯಂತ್ರ. ಒಣ ಡೈಪರ್ ತೂಗಿ ಬರೆದಿಡಿ. ಬೆಳಗ್ಗೆ ಒದ್ದೆಯಾದದ್ದನ್ನು ಕವರ್‌ನಲ್ಲಿ ಹಾಕಿ ತೂಗಿ. ವ್ಯತ್ಯಾಸ ಎಷ್ಟು ಗ್ರಾಮೋ ಹೆಚ್ಚು ಕಡಿಮೆ ಅಷ್ಟೇ ಮಿ.ಲೀ. ಒಂದು ವಾರ ಹೀಗೆ ಮಾಡಿದೆ. ಒಂದು ದಿನ 280, ಇನ್ನೊಂದು ದಿನ 450. ಸರಾಸರಿ ನೋಡಬೇಡಿ, ಅತಿ ಜಾಸ್ತಿ ಬಂದ ದಿನದ್ದನ್ನು ನೋಡಿ. ಹಾಸಿಗೆ ಒದ್ದೆಯಾಗುವುದು ಆ ದಿನವೇ. ಆ ವಾರದ ಚೀಟಿಯನ್ನು ಡಾಕ್ಟರಿಗೆ ತೋರಿಸಿದರೆ ಅವರಿಗೂ ಉಪಯೋಗಕ್ಕೆ ಬರುತ್ತದೆ.

ಪ್ಯಾಕೆಟ್ ಮೇಲೆ 1000 ಮಿ.ಲೀ. ಅಂತ ಇದೆ. ನಂಬಬಹುದಾ?

ಸುಳ್ಳಲ್ಲ, ಆದರೆ ಅದು ಪ್ರಯೋಗಶಾಲೆಯ ಲೆಕ್ಕ. ಐಎಸ್‌ಒ 11948-1 ಅನ್ನುವ ಪರೀಕ್ಷೆಯಲ್ಲಿ ಇಡೀ ಡೈಪರನ್ನು ದ್ರವದಲ್ಲಿ ಮುಳುಗಿಸಿ, ಎತ್ತಿ, ಸೋರಲು ಬಿಟ್ಟು, ಉಳಿದದ್ದನ್ನು ತೂಗುತ್ತಾರೆ. ಅಲ್ಲಿ ಮೇಲೆ ಯಾರೂ ಮಲಗಿರುವುದಿಲ್ಲ, ಹೊರಳುವುದಿಲ್ಲ. ಮೈಮೇಲೆ ಅಷ್ಟು ತಡೆಯುವುದಿಲ್ಲ. ಪ್ಯಾಕೆಟ್ ಮೇಲೆ ಬರೆದಿದ್ದರಲ್ಲಿ ಅರ್ಧ ಅಂತಲೇ ನಾನು ಹಿಡಿಯುತ್ತಿದ್ದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಡೈಪರ್ ಒಳಗಿನ ಹರಳುಗಳ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ನೋಡಲು ಸಕ್ಕರೆಯ ಹಾಗೆ, ನೀರು ಕುಡಿದರೆ ಉಬ್ಬಿ ಜೆಲ್ ಆಗುತ್ತವೆ. ಬರೀ ನೀರನ್ನು ಇವು ಬಹಳ ಹೀರುತ್ತವೆ, ಉಪ್ಪಿನಂಶ ಇದ್ದರೆ ಅಷ್ಟು ಹೀರುವುದಿಲ್ಲ. ಮೂತ್ರದಲ್ಲಿ ಉಪ್ಪು ಇದ್ದೇ ಇರುತ್ತದೆ. ಮೊದಲ ಸಲ ನಾನು ನಲ್ಲಿ ನೀರು ಹಾಕಿ ನೋಡಿ ಖುಷಿಪಟ್ಟು ಮೂರು ಪ್ಯಾಕೆಟ್ ತಂದಿದ್ದೆ. ಅದೇ ರಾತ್ರಿ ಹಾಸಿಗೆ ಒದ್ದೆ. ಅರ್ಧ ಲೀಟರ್ ಉಗುರು ಬೆಚ್ಚಗಿನ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು ಹಾಕಿ ಕರಗಿಸಿ. ಮಗುವಿನ ಲೆಕ್ಕದಷ್ಟು ನೀರನ್ನು ಒಂದೇ ಸಲ, ಮೂತ್ರ ಬೀಳುವ ಜಾಗಕ್ಕೆ ಸುರಿಯಿರಿ. ನಿಧಾನಕ್ಕೆ ಹನಿಸಬೇಡಿ, ಮಕ್ಕಳು ಹನಿಸುವುದಿಲ್ಲ. ಐದು ನಿಮಿಷ ಬಿಟ್ಟು ಟಿಶ್ಯೂ ಇಟ್ಟು ಅಂಗೈಯಿಂದ ಒತ್ತಿ. ಟಿಶ್ಯೂ ಒಣಗಿದ್ದರೆ ಪಾಸ್. ಮೇಲ್ಪದರದ ಮೇಲೆ ನೀರು ಸ್ವಲ್ಪ ಹೊತ್ತು ಕೊಳದ ಹಾಗೆ ನಿಂತು ಆಮೇಲೆ ಒಳಗೆ ಹೋದರೆ ಆ ಡೈಪರ್ ಮಲಗಿದ ಮಗುವಿಗೆ ಬೇಡ. ನೀರು ನಿಂತಷ್ಟು ಹೊತ್ತಿನಲ್ಲಿ ಅದು ತೊಡೆಯ ಕಡೆಗೆ ಹರಿದಿರುತ್ತದೆ.

ಸೈಜ್ ಸರಿ ಇದೆ, ಆದರೂ ರಾತ್ರಿ ಲೀಕ್ ಆಗುತ್ತೆ. ಯಾಕೆ?

ಹಾಸಿಗೆಯನ್ನು ಸರಕ್ಕನೆ ಎಳೆದು ಬಕೆಟ್‌ಗೆ ಹಾಕುವ ಮೊದಲು ಒಂದು ನಿಮಿಷ ಕಲೆ ಎಲ್ಲಿದೆ ಅಂತ ನೋಡಿ. ಜೊತೆಗೆ ಬಿಚ್ಚಿದ ಡೈಪರನ್ನೂ ಮುಟ್ಟಿ ನೋಡಿ.

ಡೈಪರ್ ಮುಂದೆ ಹಿಂದೆ ಎಲ್ಲಾ ಭಾರವಾಗಿ ಊದಿಕೊಂಡಿದ್ದರೆ ಅದು ತುಂಬಿ ಹೋಗಿದೆ, ಜಾಸ್ತಿ ಹೀರುವುದು ಬೇಕು. ಆದರೆ ಎಷ್ಟೋ ಸಲ ಹಿಂಭಾಗ ಪೂರ್ತಿ ಒಣಗಿರುತ್ತದೆ, ಮುಂಭಾಗ ಮಾತ್ರ ಒದ್ದೆ, ಆದರೂ ಹಾಸಿಗೆ ಒದ್ದೆ. ಆಗ ತಪ್ಪು ಹೀರುವಿಕೆಯದ್ದಲ್ಲ, ಡೈಪರ್ ಮೈಗೆ ಸರಿಯಾಗಿ ಕೂರದಿರುವುದರದ್ದು. ಇನ್ನೂ ದಪ್ಪದ್ದು ತಂದು ಪ್ರಯೋಜನವಿಲ್ಲ.

ಬೋರಲಾಗಿ ಮಲಗುವ ಹುಡುಗರಿಗೆ ಹೊಟ್ಟೆಯ ಕಡೆ ಲೀಕ್ ಆಗುತ್ತದೆ. ಹಾಕುವಾಗ ಶಿಶ್ನ ಮೇಲ್ಮುಖವಾಗಿ ಉಳಿದಿದ್ದರೆ ಸೊಂಟದ ಎಲಾಸ್ಟಿಕ್‌ನಿಂದಲೇ ಹೊರಗೆ ಬರುತ್ತದೆ. ಕೆಳಮುಖವಾಗಿರಲಿ ಅಂತ ಮಗುವಿಗೇ ಹೇಳಿಕೊಡಿ. ಹುಡುಗಿಯರಿಗೆ ಜಾಸ್ತಿ ಒದ್ದೆಯಾಗುವುದು ನಡುಭಾಗ, ಅಂಗಾತ ಮಲಗಿದರೆ ಹಿಂಭಾಗ. ಒಂದು ಮಗ್ಗುಲಲ್ಲೇ ಮಲಗುವವರಿಗೆ ಆ ಕಡೆಯ ತೊಡೆಯಿಂದ. ಹುಡುಗ ಹುಡುಗಿಗೆ ಬೇರೆ ಬೇರೆ ಬೇಕಾ ಅಂತಲೂ ಕೇಳುತ್ತಾರೆ. ಹೀರುವ ಪದರ ಎಲ್ಲಿ ದಪ್ಪಗಿದೆ ಅಂತ ಬೆರಳಲ್ಲಿ ಒತ್ತಿ ನೋಡಿದರೆ ಉತ್ತರ ಸಿಗುತ್ತದೆ, ಪ್ಯಾಕೆಟ್ ಮೇಲಿನ ಹುಡುಗ ಹುಡುಗಿಯ ಚಿತ್ರ ಬರೀ ಚಿತ್ರ.

ಇನ್ನು ಎಲ್ಲರೂ ಮರೆಯುವ ಒಂದು ವಿಷಯ. ಪ್ಯಾಂಟ್ ಡೈಪರ್ ಒಳಗೆ, ತೊಡೆಯ ಎರಡೂ ಕಡೆ, ನೆರಿಗೆಯ ಹಾಗೆ ನಿಂತಿರುವ ತೆಳು ಅಂಚು ಇರುತ್ತದೆ. ಸೋರದಂತೆ ತಡೆಯುವ ಕಟ್ಟೆ ಅದು. ಅವಸರದಲ್ಲಿ ಎಳೆದುಕೊಂಡಾಗ ಒಳಕ್ಕೆ ಮಡಚಿಕೊಳ್ಳುತ್ತದೆ. ಹಾಕಿಕೊಂಡ ಮೇಲೆ ತೊಡೆಸಂದಿಯ ಸುತ್ತ ಒಂದು ಸಲ ಬೆರಳಾಡಿಸಿ ಅದನ್ನು ಬಿಡಿಸಬೇಕು. ನಮ್ಮ ಮನೆಯ ಲೀಕ್‌ಗಳಲ್ಲಿ ಅರ್ಧದಷ್ಟು ಇಷ್ಟಕ್ಕೇ ನಿಂತವು. ಮೇಲೆ ಹಾಕುವ ಚಡ್ಡಿ ತೀರಾ ಬಿಗಿಯಾಗಿದ್ದರೂ ಡೈಪರ್ ಹಿಂಡಿದಂತಾಗುತ್ತದೆ. ಅಂಗಿಯ ಅಂಚು ಡೈಪರ್ ಒಳಗೆ ಸಿಕ್ಕಿಕೊಂಡಿದ್ದರೆ ಬತ್ತಿಯ ಹಾಗೆ ಎಲ್ಲಾ ಹೊರಗೆಳೆಯುತ್ತದೆ.

ಒಳಗೆ ಇನ್ನೊಂದು ಪ್ಯಾಡ್ ಇಟ್ಟರೆ?

ಇಡಬಹುದು, ಆದರೆ ಹಿಂಬದಿಯಲ್ಲಿ ಪ್ಲಾಸ್ಟಿಕ್ ಇಲ್ಲದ ಬೂಸ್ಟರ್ ಪ್ಯಾಡ್ ಆಗಿರಬೇಕು. ಅದು ತುಂಬಿದ ಮೇಲೆ ಉಳಿದದ್ದು ಕೆಳಗಿನ ಡೈಪರ್‌ಗೆ ಇಳಿಯುತ್ತದೆ. ಮುಟ್ಟಿನ ಪ್ಯಾಡ್‌ಗೆ ಹಿಂದೆ ಪ್ಲಾಸ್ಟಿಕ್ ಪದರ ಇರುತ್ತದೆ. ಅದನ್ನು ಇಟ್ಟರೆ ತುಂಬಿದ್ದು ಪಕ್ಕಕ್ಕೆ ಹರಿಯುತ್ತದೆ, ಡೈಪರ್ ಒಣಗಿಯೇ ಇರುತ್ತದೆ.

ಪ್ಯಾಂಟ್ ಡೈಪರ್ ಒಳ್ಳೆಯದಾ, ಟೇಪ್ ಡೈಪರ್ ಒಳ್ಳೆಯದಾ?

ಮಗು ತಾನೇ ಎಳೆದುಕೊಂಡು ಹಾಕಿಕೊಳ್ಳುತ್ತದೆ, ಟಾಯ್ಲೆಟ್‌ಗೆ ಹೋಗುವಾಗ ಇಳಿಸಿಕೊಳ್ಳುತ್ತದೆ ಅಂದರೆ ಪ್ಯಾಂಟ್. ದೊಡ್ಡ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ಚಡ್ಡಿ ಹಾಕಿಕೊಂಡಂತೆ ಹಾಕಿಕೊಳ್ಳುವುದಕ್ಕೂ, ಮಲಗಿ ಇನ್ನೊಬ್ಬರ ಕೈಯಲ್ಲಿ ಕಟ್ಟಿಸಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಮಗುವಿಗೆ ನಿಲ್ಲಲು ಆಗುವುದಿಲ್ಲ, ಗಾಲಿಕುರ್ಚಿಯಲ್ಲಿದೆ, ಅಥವಾ ಡೈಪರ್‌ನಲ್ಲೇ ಮಲ ಮಾಡುತ್ತದೆ ಅಂದರೆ ಟೇಪ್ ಅನುಕೂಲ. ಬದಲಾಯಿಸಲು ಪ್ಯಾಂಟು, ಶೂ ಎಲ್ಲಾ ಬಿಚ್ಚಬೇಕಿಲ್ಲ. ಟೇಪ್‌ನವು ಸಾಮಾನ್ಯವಾಗಿ ಜಾಸ್ತಿ ಹೀರುತ್ತವೆ ಕೂಡ.

ಮಕ್ಕಳ ಸೈಜ್ ಮುಗಿದೇ ಹೋಯ್ತು. ದೊಡ್ಡವರದ್ದು ಹಾಕಬಹುದಾ?

ಸೊಂಟದ ಅಳತೆ ಕೂಡಿದರೆ ದೊಡ್ಡವರ ಸ್ಮಾಲ್ ಅಥವಾ ಎಕ್ಸ್‌ಟ್ರಾ ಸ್ಮಾಲ್ ಹಾಕಬಹುದು. ಮೊದಲು ನೋಡಬೇಕಾದ್ದು ಎರಡು ಕಾಲಿನ ನಡುವಿನ ಅಗಲ. ದೊಡ್ಡವರದ್ದರಲ್ಲಿ ಅದು ಅಗಲ, ಮಗುವಿಗೆ ದಿಂಬು ಇಟ್ಟಂತಾಗುತ್ತದೆ. ಮುಂದೆ ಹಿಂದೆ ಉದ್ದವೂ ಜಾಸ್ತಿ, ಎದೆಯ ತನಕ ಬರುತ್ತದೆ ಅಂತ ನನ್ನ ಮಗ ಗೊಣಗುತ್ತಿದ್ದ. ದೊಡ್ಡ ಮಕ್ಕಳಿಗೆಂದೇ ಮಾಡಿದ ರಾತ್ರಿ ಪ್ಯಾಂಟ್‌ಗಳು ಕೆಲವು ಕಂಪನಿಗಳಲ್ಲಿ ಇವೆ, ಮೊದಲು ಅವನ್ನು ಹುಡುಕಿ. ಸಿಗದಿದ್ದರೆ ಮಾತ್ರ ಇದು.

ಚರ್ಮ ಕೆಂಪಾಗುತ್ತೆ, ಪೌಡರ್ ಹಾಕಲಾ?

ಪೌಡರ್ ಬೇಡ. ಒದ್ದೆಗೆ ಮುದ್ದೆಯಾಗಿ ಸಂದಿಯಲ್ಲಿ ಉಜ್ಜುತ್ತದೆ, ಉಸಿರಿನ ಜೊತೆ ಒಳಗೂ ಹೋಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಬಿಚ್ಚಿ, ಬರೀ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ. ಕೆಂಪಗಾದ ಜಾಗಕ್ಕೆ ಜಿಂಕ್ ಆಕ್ಸೈಡ್ ಇರುವ ಕ್ರೀಮ್ ತೆಳ್ಳಗೆ. ದಪ್ಪಗೆ ಬಳಿದರೆ ಅದು ಡೈಪರ್‌ನ ಮೇಲ್ಪದರಕ್ಕೆ ಅಂಟಿ ಹೀರುವುದನ್ನೇ ತಡೆಯುತ್ತದೆ. ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಸುತ್ತ ಸಣ್ಣ ಸಣ್ಣ ಕೆಂಪು ಗುಳ್ಳೆ ಎದ್ದರೆ ಫಂಗಸ್ ಇರಬಹುದು, ತೋರಿಸಿ.

ಬಟ್ಟೆಯದ್ದು, ಒಗೆದು ಬಳಸುವಂಥದ್ದು ಆಗುತ್ತಾ?

ಸ್ವಲ್ಪ ಮಾತ್ರ ಒದ್ದೆಯಾಗುವ ಮಕ್ಕಳಿಗೆ ಚೆನ್ನಾಗಿದೆ, ಚಡ್ಡಿಯಂತೆಯೇ ಕಾಣುತ್ತದೆ. ಇಡೀ ಮೂತ್ರಕೋಶ ಖಾಲಿ ಮಾಡುವ ಮಗುವಿಗೆ ಕಷ್ಟ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಬಟ್ಟೆ ಹೀರುವುದನ್ನೇ ಬಿಡುತ್ತದೆ.

ಮಗು ಹಾಕಿಕೊಳ್ಳಲ್ಲ ಅಂತ ಹಠ ಮಾಡುತ್ತೆ. ಏನು ಮಾಡಲಿ?

ನನ್ನ ಮಗ ಮೊದಲ ದಿನ ಪ್ಯಾಕೆಟ್ ನೋಡಿ, 'ಇದು ಪಾಪುಗಳದ್ದು' ಅಂತ ಮಂಚದ ಕೆಳಗೆ ತಳ್ಳಿದ. ಅದರ ಮೇಲೆ ಆನೆಮರಿಯ ಚಿತ್ರ ಇತ್ತು. ತಪ್ಪು ನನ್ನದೇ. ಮುಂದಿನ ಸಲ ಎರಡು ಥರದ್ದು ಒಂದೊಂದು ತಂದು ಅವನ ಮುಂದೆ ಇಟ್ಟೆ. ಮುಟ್ಟಿ ನೋಡಿ, ಚರಪರ ಸದ್ದು ಮಾಡದ್ದನ್ನು ಅವನೇ ಆರಿಸಿದ. ನಾವು ಹೀರುವುದನ್ನು ನೋಡುತ್ತೇವೆ, ಮಕ್ಕಳು ಸದ್ದನ್ನು ನೋಡುತ್ತಾರೆ. ಪಕ್ಕದಲ್ಲಿ ಮಲಗಿದ ತಮ್ಮನಿಗೆ ಕೇಳಿಸಬಾರದು, ಅಷ್ಟೇ ಅವನ ಚಿಂತೆ.

ಮನೆಯಲ್ಲಿ ಡೈಪರ್ ಅನ್ನುವ ಪದವನ್ನೇ ಬಿಟ್ಟೆವು. 'ರಾತ್ರಿ ಚಡ್ಡಿ' ಅಂದೆವು. ಅವನ ಬಟ್ಟೆಯ ಖಾನೆಯಲ್ಲೇ, ಉಳಿದ ಚಡ್ಡಿಗಳ ಜೊತೆ ಇಟ್ಟೆವು. ನೆಂಟರ ಮುಂದೆ ಆ ಮಾತು ಎತ್ತುವುದಿಲ್ಲ ಅಂತ ಅಜ್ಜಿಯಿಂದಲೂ ಮಾತು ತೆಗೆದುಕೊಂಡೆವು, ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಬೇರೆ ಮನೆಯಲ್ಲಿ, ಪ್ರವಾಸದಲ್ಲಿ ಮಲಗಬೇಕಾದರೆ?

ಸ್ಲೀಪಿಂಗ್ ಬ್ಯಾಗ್ ಒಳಗೆ ಒಂದನ್ನು ಮೊದಲೇ ಮಡಚಿ ಇಡಿ, ಮಗು ಒಳಗೆ ಹೋದ ಮೇಲೆ ಹಾಕಿಕೊಳ್ಳಲಿ. ಮೇಲೆ ಗಾಢ ಬಣ್ಣದ ಸಡಿಲ ಪ್ಯಾಂಟು. ಬೆಳಗ್ಗೆ ಹಾಕಲು ಕಪ್ಪು ಕವರ್. ಜೊತೆಗಿರುವ ದೊಡ್ಡವರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಲಿ. ಅದು ಯಾರಿಗೆ ಅಂತ ಮಗುವೇ ಹೇಳಲಿ. ಕೆಲವು ಡಾಕ್ಟರುಗಳು ಇಂಥ ರಾತ್ರಿಗಳಿಗೆ ಮೂತ್ರ ಕಡಿಮೆ ಮಾಡುವ ಡೆಸ್ಮೊಪ್ರೆಸಿನ್ ಮಾತ್ರೆ ಕೊಡುತ್ತಾರೆ. ಅದನ್ನು ತೆಗೆದುಕೊಂಡ ರಾತ್ರಿ ನೀರು ಕುಡಿಯುವುದಕ್ಕೆ ಕಟ್ಟುನಿಟ್ಟು ಮಿತಿ ಇದೆ, ಹಾಗಾಗಿ ಡಾಕ್ಟರನ್ನು ಕೇಳದೆ ಕೊಡಬೇಡಿ.

ಅಲಾರಂ ಹಾಕುವಾಗಲೂ ಡೈಪರ್ ಹಾಕಬಹುದಾ?

ಒದ್ದೆಯಾದ ಕೂಡಲೇ ಕೂಗುವ ಅಲಾರಂ ಅಲ್ವಾ? ಡೈಪರ್ ಒಳಗೆ ಸೆನ್ಸರ್ ಇಟ್ಟರೆ ಹರಳುಗಳು ಬೇಗ ಹೀರಿಕೊಂಡು ಅದು ತಡವಾಗಿ ಕೂಗಬಹುದು. ಮಾಮೂಲಿ ಚಡ್ಡಿಗೆ ಸೆನ್ಸರ್ ಸಿಕ್ಕಿಸಿ ಅದರ ಮೇಲೆ ಡೈಪರ್ ಹಾಕಿ. ಕೂಗಿದಾಗ ನೀವೂ ಏಳಬೇಕು, ಮಗು ಏಳುವುದಿಲ್ಲ. ಮೊದಲ ಎರಡು ವಾರ ಮನೆಮಂದಿಗೆಲ್ಲ ಎಚ್ಚರವಾಗುತ್ತದೆ, ಅವನೊಬ್ಬನನ್ನು ಬಿಟ್ಟು.

ಬಿಚ್ಚಿ ಎಸೆಯುವುದು ಹೇಗೆ?

ಎರಡೂ ಪಕ್ಕದ ಹೊಲಿಗೆಯನ್ನು ಮೇಲಿಂದ ಕೆಳಗೆ ಹರಿದರೆ ಬಿಚ್ಚಿಕೊಳ್ಳುತ್ತದೆ. ಕಾಲಿನಿಂದ ಎಳೆದರೆ ತೊಡೆಗೆಲ್ಲ ಬಳಿಯುತ್ತದೆ. ಒಳಮುಖವಾಗಿ ಸುತ್ತಿ, ಕವರ್‌ಗೆ ಹಾಕಿ ಕಸಕ್ಕೆ. ಟಾಯ್ಲೆಟ್‌ಗೆ ಹಾಕಿದರೆ ಪೈಪ್ ಒಳಗೆ ಉಬ್ಬಿ ಕಟ್ಟಿಕೊಳ್ಳುತ್ತದೆ.

ಯಾವಾಗ ನಿಲ್ಲಿಸಬೇಕು?

ಬೆಳಗ್ಗೆ ಡೈಪರ್ ಒಣಗಿರುವುದು ಒಂದೊಂದಾಗಿ ಶುರುವಾಗುತ್ತದೆ. ಕ್ಯಾಲೆಂಡರ್‌ನಲ್ಲಿ ಮಗುವೇ ಗುರುತು ಹಾಕಲಿ. ಸಾಲಾಗಿ 14 ರಾತ್ರಿ ಒಣಗಿದ್ದರೆ ಬಿಟ್ಟು ನೋಡಬಹುದು. ಹಾಸಿಗೆಯ ಕೆಳಗೆ ನೀರು ಇಳಿಯದ ಶೀಟು ಇನ್ನು ಕೆಲವು ತಿಂಗಳು ಇರಲಿ. ಜ್ವರ ಬಂದಾಗ, ಪರೀಕ್ಷೆಯ ಹೊತ್ತಿಗೆ, ಬಹಳ ದಣಿದ ದಿನ ಒಂದೊಂದು ಸಲ ಮತ್ತೆ ಆಗುತ್ತದೆ. ಉಳಿದ ಪ್ಯಾಕೆಟನ್ನು ಒಣಗಿದ ಜಾಗದಲ್ಲಿ, ಬಾಯಿ ಕಟ್ಟಿ ಇಡಿ, ತೇವಕ್ಕೆ ಹರಳು ಕೆಡುತ್ತದೆ. ನಮ್ಮಲ್ಲಿ ಕೊನೆಗೆ ಒಂಬತ್ತು ಉಳಿದವು. ಅವನ ಖಾನೆಯಲ್ಲೇ ಇದ್ದವು. ಒಂದು ದಿನ ನೋಡಿದರೆ ಆರಕ್ಕೆ ಇಳಿದಿದ್ದವು. ಮೂರು ಯಾವಾಗ ಹಾಕಿಕೊಂಡ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.